ಹೆಸರು ತಿಳಿಯದ ಆ ಇಬ್ಬರನ್ನು ಹುಡುಕಿಕೊಂಡು ಹೋಗಬಹುದೇ?

ಕಾಪು ಟೀಚರ್ ಕೇಳುತ್ತಾರೆ:

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿನಿಂದ ಮನಸ್ಸಿನಲ್ಲೇ ಇಟ್ಟುಕೊಂಡಿರುವ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ದಯವಿಟ್ಟು ತಾಳ್ಮೆಯಿಂದ ಓದಿ.

ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ಇರುವ ಮಳೆಗಾಲದ ನಿಷೇಧ ಜುಲೈ 31ಕ್ಕೆ ಮುಗಿದು, ಹೆದ್ದಾರಿಯಲ್ಲಿ ಮೀನಿನ ಲಾರಿಗಳ ಓಡಾಟ ಮತ್ತೆ ಆರಂಭವಾಗಿದ್ದ ವಾರ ಅದು. ಬೆಳಿಗ್ಗೆ ಎಂಟರ ಹೊತ್ತಿಗೆ ನಾನು ಕಾಪುವಿನಿಂದ ಉಡುಪಿಯ ಶಾಲೆಗೆ ಸ್ಕೂಟರಿನಲ್ಲಿ ಹೊರಟಿದ್ದೆ. ಕಟಪಾಡಿ ದಾಟಿ ಉದ್ಯಾವರದ ಕಡೆಗೆ ಸಾಗುವಾಗ ಮುಂದಿನ ಲಾರಿಯಿಂದ ಮಂಜುಗಡ್ಡೆ ಕರಗಿದ ನೀರು ರಸ್ತೆಗೆ ಸುರಿಯುತ್ತಿತ್ತು. ಜೋರು ಮಳೆಯಾಗಿದ್ದರೆ ಅದು ತೊಳೆದು ಹೋಗುತ್ತಿತ್ತೋ ಏನೋ. ತುಂತುರು ಮಳೆಯಲ್ಲಿ ಆ ಉಪ್ಪು ನೀರೂ ಮೀನಿನ ಜಿಡ್ಡೂ ಸೇರಿ ಡಾಂಬರಿನ ಮೇಲೆ ಸಾಬೂನು ಹಚ್ಚಿದಂತಾಗಿತ್ತು. ನಾನು ಬ್ರೇಕ್ ಹಿಡಿದದ್ದಷ್ಟೇ ನೆನಪು. ಸ್ಕೂಟರ್ ಮಗುಚಿ ಎಡಗಾಲಿನ ಮೇಲೆ ಬಿತ್ತು, ಮೊಣಕಾಲಿನ ಕೆಳಗಿನ ಮೂಳೆ ಮುರಿಯಿತು. ಹೆಲ್ಮೆಟ್ ಇದ್ದುದರಿಂದ ತಲೆಗೆ ಏನೂ ಆಗಲಿಲ್ಲ.

ಬಿದ್ದ ಜಾಗ ಎಕ್ಸ್‌ಪ್ರೆಸ್ ಬಸ್ಸುಗಳು ಓಡುವ ಸಾಲಿನಲ್ಲೇ ಇತ್ತು. ರಸ್ತೆಯ ಬದಿಯಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಹೋಗುತ್ತಿದ್ದ ಮೀನು ಮಾರುವ ಅಕ್ಕ ಒಬ್ಬರು ಓಡಿ ಬಂದು, ಬುಟ್ಟಿಯನ್ನು ನನ್ನಿಂದ ನಾಲ್ಕು ಮಾರು ಹಿಂದೆ ರಸ್ತೆಯ ಮೇಲಿಟ್ಟು, ಅದರ ಪಕ್ಕದಲ್ಲಿ ಎರಡೂ ಕೈ ಚಾಚಿ ನಿಂತರು. ಬಸ್ಸು ನಿಂತಿತು. ಅಷ್ಟರಲ್ಲಿ ಲುಂಗಿ ಉಟ್ಟ, ಐವತ್ತು ದಾಟಿದ ಒಬ್ಬರು ಬಂದು ಸ್ಕೂಟರನ್ನು ಎತ್ತಿದರು. ನನ್ನ ಕಾಲನ್ನು ಒಮ್ಮೆ ನೋಡಿ, ತಮ್ಮ ಉದ್ದ ಕಾವಿನ ಕಪ್ಪು ಕೊಡೆಯನ್ನು ಮಡಚಿ ಕಾಲಿನ ಪಕ್ಕಕ್ಕೆ ಇಟ್ಟು, ಹೆಗಲ ಮೇಲಿದ್ದ ಬೈರಾಸನ್ನು (ಟವೆಲನ್ನು) ಉದ್ದಕ್ಕೆ ಎರಡಾಗಿ ಸೀಳಿ, ಮೊಣಕಾಲಿನ ಮೇಲೊಂದು ಪಾದದ ಗಂಟಿನ ಹತ್ತಿರ ಒಂದು ಗಂಟು ಹಾಕಿದರು. ಕೊಡೆಯ ಬಾಗಿದ ಹಿಡಿ ನನ್ನ ಪಾದಕ್ಕೆ ತಾಗುತ್ತಿತ್ತು. ನೋವಿನ ನಡುವೆಯೂ ಆ ತಣ್ಣಗಿನ ಹಿಡಿಯ ಸ್ಪರ್ಶ ನನಗೆ ಸ್ಪಷ್ಟವಾಗಿ ನೆನಪಿದೆ. ಆಮೇಲೆ ರಿಕ್ಷಾ ಬಂತು. ಮೀನಿನ ಬುಟ್ಟಿಯನ್ನು ಯಾರಿಗೋ ನೋಡಿಕೊಳ್ಳಲು ಹೇಳಿ ಆ ಅಕ್ಕ ನನ್ನೊಡನೆಯೇ ಹತ್ತಿ, ಆಸ್ಪತ್ರೆ ಮುಟ್ಟುವವರೆಗೆ ನನ್ನ ತಲೆಯನ್ನು ಎದೆಗೆ ಒರಗಿಸಿಕೊಂಡು "ದಾಲಾ ಆಪುಜಿ, ಪೋಡ್ಯೊಡ್ಚಿ" (ಏನೂ ಆಗುವುದಿಲ್ಲ, ಹೆದರಬೇಡ) ಎಂದು ತುಳುವಿನಲ್ಲಿ ಹೇಳುತ್ತಲೇ ಇದ್ದರು. ನನ್ನ ಮನೆಯವರು ಬರುವಷ್ಟರಲ್ಲಿ ಅವರು ಹೋಗಿದ್ದರು. ರಿಕ್ಷಾದವರು ಬಾಡಿಗೆ ಕೇಳಿರಲಿಲ್ಲ.

ಈಗ ಕೋಲು ಹಿಡಿದು ನಡೆಯುತ್ತಿದ್ದೇನೆ. ಕೊಡೆ ಮತ್ತು ಬೈರಾಸಿನ ಎರಡು ತುಂಡುಗಳು ನಮ್ಮ ಮನೆಯಲ್ಲಿವೆ. ಅವರನ್ನು ಹುಡುಕಬೇಕೆಂದು ನನ್ನ ಆಸೆ. ಹೆಸರು ಹೇಳದೆ ಹೋದವರನ್ನು ಹುಡುಕಿ ಮುಜುಗರಪಡಿಸಬಾರದು ಎಂದು ನನ್ನ ಯಜಮಾನರು ಹೇಳುತ್ತಾರೆ. ಬರಿಗೈಯಲ್ಲಿ ಹೋಗಬಾರದು ಎನ್ನುವುದು ಅತ್ತೆಯವರ ಮಾತು. ಹಣ ಕೊಟ್ಟರೆ ಅವರು ಮಾಡಿದ್ದನ್ನು ಕೂಲಿಯ ಲೆಕ್ಕಕ್ಕೆ ಇಳಿಸಿದಂತಾಗುತ್ತದೆಯೇ ಎಂಬ ಅಳುಕು ನನ್ನದು. ವಾಟ್ಸಾಪ್ ಗುಂಪುಗಳಲ್ಲಿ ಹಾಕಿ ಹುಡುಕುವುದು ಸರಿಯೇ? ಇಂಥವರಿಗೆ ಸರ್ಕಾರದ ಬಹುಮಾನವಿದೆ ಎಂದು ಕೇಳಿದ್ದೇನೆ. ಅವರ ಹೆಸರನ್ನು ನಾನೇ ಕೊಡಬಹುದೇ? ಅನುಭವವಿದ್ದವರು ತಿಳಿಸಿ.

ಪಡುಬಿದ್ರಿ ರಿಕ್ಷಾ ಬರೆಯುತ್ತಾರೆ:

ಟೀಚರ್, ನೀವು ಖಂಡಿತವಾಗಿಯೂ ಹೋಗಬೇಕು. ನಾನು 22 ವರ್ಷಗಳಿಂದ ರಿಕ್ಷಾ ಓಡಿಸುತ್ತಿದ್ದೇನೆ. ಇಷ್ಟು ವರ್ಷಗಳಲ್ಲಿ ಅಪಘಾತವಾದ ಎಷ್ಟೋ ಮಂದಿಯನ್ನು ಆಸ್ಪತ್ರೆಗೆ ಮುಟ್ಟಿಸಿದ್ದೇನೆ. ಅವರಲ್ಲಿ ನಂತರ ಏನಾಯಿತು ಎಂದು ನನಗೆ ತಿಳಿದಿರುವುದು ಇಬ್ಬರ ವಿಷಯ ಮಾತ್ರ.

2014ರ ಮಳೆಗಾಲದ ಒಂದು ಬೆಳಿಗ್ಗೆ ಹೆಜಮಾಡಿಯಲ್ಲಿ ಬೈಕು ಜಾರಿ ಬಿದ್ದ ಒಬ್ಬ ಹುಡುಗನನ್ನು ಕರೆದುಕೊಂಡು ಹೋಗಿದ್ದೆ. ಐಟಿಐ ಸಮವಸ್ತ್ರದಲ್ಲಿದ್ದ. ಅಂದು ಅವನಿಗೆ ಯಾವುದೋ ಪರೀಕ್ಷೆ ಇತ್ತಂತೆ. ಹಿಂದಿನ ಸೀಟಿನಲ್ಲಿ ಮತ್ತೊಬ್ಬರ ತೊಡೆಯ ಮೇಲೆ ಮಲಗಿಕೊಂಡು ಎರಡು ನಿಮಿಷಕ್ಕೊಮ್ಮೆ "ಅಣ್ಣಾ, ಗಂಟೆ ಎಷ್ಟಾಯಿತು?" ಎಂದು ಕೇಳುತ್ತಿದ್ದ. ನಾನು ಪ್ರತಿ ಸಲವೂ ಸ್ವಲ್ಪ ಕಡಿಮೆ ಮಾಡಿಯೇ ಹೇಳುತ್ತಿದ್ದೆ, ಪರೀಕ್ಷೆ ತಪ್ಪಿಹೋಯಿತೆಂದು ಅವನು ಗಾಬರಿಪಡದಿರಲಿ ಎಂದು. ಮುಲ್ಕಿ ದಾಟಿದ ಮೇಲೆ ಅವನು ಕೇಳುವುದನ್ನು ನಿಲ್ಲಿಸಿದ. ಆಸ್ಪತ್ರೆಯಲ್ಲಿ ಸ್ಟ್ರೆಚರ್ ಬಂತು, ಒಳಗೆ ತೆಗೆದುಕೊಂಡು ಹೋದರು, ಬಾಗಿಲು ಮುಚ್ಚಿತು. ಮರುದಿನ ವಿಚಾರಿಸಲು ಹೋದಾಗ, ಬೇರೆ ಕಡೆಗೆ ಕಳುಹಿಸಿದ್ದಾರೆ, ನೀವು ಸಂಬಂಧಿಕರಲ್ಲವಾದ್ದರಿಂದ ಹೆಚ್ಚು ಹೇಳುವಂತಿಲ್ಲ ಎಂದರು. ಅವರು ಹೇಳಿದ್ದು ನಿಯಮವೇ ಇರಬಹುದು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಆ ಹುಡುಗ ಬದುಕಿದನೋ ಇಲ್ಲವೋ ಎಂಬುದು ನನಗೆ ಇಂದಿಗೂ ತಿಳಿಯದು. ರಿಕ್ಷಾ ತೊಳೆಯುವಾಗ, ಬಾಡಿಗೆಯಿಲ್ಲದೆ ರಿಕ್ಷಾ ಪಾರ್ಕಿನಲ್ಲಿ ಕುಳಿತಿರುವಾಗ ಈಗಲೂ ಅವನ ನೆನಪಾಗುತ್ತದೆ.

ಮೀನಿನ ಅಕ್ಕನೂ ಕೊಡೆಯವರೂ ಹೀಗೆಯೇ ಇದ್ದಾರೆ ಎಂದು ತಿಳಿದುಕೊಳ್ಳಿ. ನೀವು ಅವರನ್ನು ಮರೆಯದಿರುವಂತೆ ಅವರೂ ನಿಮ್ಮನ್ನು ಮರೆತಿರಲಾರರು. ಟೀಚರಮ್ಮನ ಕಾಲು ಉಳಿಯಿತೋ, ತೆಗೆದರೋ ಎಂದು ಅವರು ತಮ್ಮ ಮನೆಯಲ್ಲಿ ಎಷ್ಟು ಸಲ ಮಾತನಾಡಿಕೊಂಡಿದ್ದಾರೋ ಯಾರಿಗೆ ಗೊತ್ತು? ಆದ್ದರಿಂದ ಹಣದ ಲಕೋಟೆ ಬೇಡ. ನೀವು ಹೋಗಿ ಅವರ ಮುಂದೆ ನಿಲ್ಲಿ. ಬಾಳೆಹಣ್ಣೋ ಸೀರೆಯೋ ಕೊಡಬೇಕೆನಿಸಿದರೆ ಕೊಡಿ, ಹಬ್ಬಕ್ಕೆ ಮನೆಯವರಿಗೆ ಕೊಡುವ ಹಾಗೆ.

ಹುಡುಕುವುದು ಕಷ್ಟವಲ್ಲ. ಮೊದಲು ಕಟಪಾಡಿಯ ರಿಕ್ಷಾ ಪಾರ್ಕಿಗೆ ಹೋಗಿ ದಿನಾಂಕ ಹೇಳಿ. ಒಬ್ಬರ ರಿಕ್ಷಾದಲ್ಲಿ ನಡೆದದ್ದು ಪಾರ್ಕಿನಲ್ಲಿರುವ ಎಲ್ಲರಿಗೂ ಗೊತ್ತಿರುತ್ತದೆ. ಬುಟ್ಟಿ ಹೊತ್ತು ಮಾರುವ ಅಕ್ಕಂದಿರಿಗೆ ದಿನಾ ಹೋಗುವ ಮನೆಗಳು ನಿಶ್ಚಿತವಾಗಿರುತ್ತವೆ. ವಾಟ್ಸಾಪಿನ ಅಗತ್ಯವೇ ಬೀಳದು. ಅವರ ಫೋಟೋ ತೆಗೆದು ಹಂಚುವುದು ಮಾತ್ರ ಬೇಡ.

ಬ್ರಹ್ಮಾವರದವರು ಬರೆಯುತ್ತಾರೆ:

ಮೇಲಿನ ಮಾತನ್ನು ಗೌರವಿಸಿಯೇ ಇನ್ನೊಂದು ಬದಿಯನ್ನು ಹೇಳುತ್ತೇನೆ. ಹೆಸರು ಹೇಳದೆ ಹೋಗುವವರಲ್ಲಿ ಕೆಲವರಿಗೆ ಅದಕ್ಕೆ ಕಾರಣವಿರುತ್ತದೆ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ತಂದೆಯವರು ಸೈಕಲ್ ಸವಾರರೊಬ್ಬರನ್ನು ಎತ್ತಿ ಕಾರಿನಲ್ಲಿ ಆಸ್ಪತ್ರೆಗೆ ಸೇರಿಸಿದರು. ಆ ಮನುಷ್ಯ ಉಳಿಯಲಿಲ್ಲ. ಮೊದಲು ನಮ್ಮ ತಂದೆಯವರೇ ಗುದ್ದಿರಬೇಕೆಂದು ಅನುಮಾನಿಸಿದರು. ಆಮೇಲೆ ಸಾಕ್ಷಿಯಾಗಿ ನಾಲ್ಕು ವರ್ಷ ಕೋರ್ಟಿಗೆ ಅಲೆದಾಡಿಸಿದರು. ಭತ್ತ ಕಟಾವಿನ ದಿನವೇ ಸಮನ್ಸ್ ಬರುತ್ತಿತ್ತು. ಅವರು ಮತ್ತೆಯೂ ರಸ್ತೆಯಲ್ಲಿ ಬಿದ್ದವರನ್ನು ಎತ್ತಿದ್ದಾರೆ, ಅದನ್ನು ಬಿಡಲಿಲ್ಲ. ಆದರೆ ಹೆಸರನ್ನು ಯಾರಿಗೂ ಹೇಳುತ್ತಿರಲಿಲ್ಲ, ಯಾರಾದರೂ ಹುಡುಕಿಕೊಂಡು ಬಂದರೆ ನಾನಲ್ಲ ಎಂದೇ ಬಿಡುತ್ತಿದ್ದರು. ಆದ್ದರಿಂದ ನೀವು ಹೋಗುವುದಾದರೆ ಪೊಲೀಸು, ಬಹುಮಾನ, ಅರ್ಜಿ ಇವುಗಳ ಸುದ್ದಿ ಎತ್ತದೆ ಹೋಗಿ. ಅವರು "ನಾವಲ್ಲ" ಎಂದರೆ ಒತ್ತಾಯಿಸಬೇಡಿ.

ಕ್ಯಾಶುವಲ್ಟಿ ಸಿಸ್ಟರ್ ಬರೆಯುತ್ತಾರೆ:

ನಾನು ಮಂಗಳೂರಿನಲ್ಲಿ ತುರ್ತು ಚಿಕಿತ್ಸಾ ವಿಭಾಗದ ನರ್ಸ್. ಬ್ರಹ್ಮಾವರದವರ ತಂದೆಯವರು ಅನುಭವಿಸಿದ ಭಯವನ್ನು ನಾನು ನಮ್ಮ ಬಾಗಿಲಲ್ಲಿ ಪ್ರತಿ ವಾರವೂ ನೋಡುತ್ತೇನೆ. ಗಾಯಾಳುವನ್ನು ಇಳಿಸಿದವರು ನಾವು ತಿರುಗಿ ನೋಡುವಷ್ಟರಲ್ಲಿ ಇರುವುದಿಲ್ಲ. ಆದರೆ ಕಾನೂನು ಈಗ ಹಾಗಿಲ್ಲ. ಅದು ಜನರಿಗೆ ಇನ್ನೂ ಸರಿಯಾಗಿ ತಲುಪಿಲ್ಲ ಎನ್ನುವುದೇ ನನ್ನ ಸಂಕಟ.

ಸುಪ್ರೀಂ ಕೋರ್ಟ್ 1989ರಲ್ಲಿಯೇ ಪರಮಾನಂದ ಕಟಾರಾ ಪ್ರಕರಣದಲ್ಲಿ, ಪೊಲೀಸ್ ಕ್ರಮಗಳಿಗಾಗಿ ಕಾಯದೆ ಗಾಯಾಳುವಿಗೆ ಮೊದಲು ಚಿಕಿತ್ಸೆ ಕೊಡುವುದು ಪ್ರತಿಯೊಬ್ಬ ವೈದ್ಯರ ಕರ್ತವ್ಯವೆಂದು ಹೇಳಿತು. ಸಹಾಯ ಮಾಡಿದವರ ರಕ್ಷಣೆಗಾಗಿ ಕೇಂದ್ರ ಸರ್ಕಾರ ಹೊರಡಿಸಿದ್ದ ಮಾರ್ಗಸೂಚಿಗೆ 2016ರ ಮಾರ್ಚ್‌ನಲ್ಲಿ ಅದೇ ನ್ಯಾಯಾಲಯ ಕಾನೂನಿನ ಬಲ ಕೊಟ್ಟಿತು. ನಮ್ಮ ಕರ್ನಾಟಕ ಇದಕ್ಕಾಗಿಯೇ ಪ್ರತ್ಯೇಕ ಕಾಯ್ದೆ ಮಾಡಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಸದುದ್ದೇಶದಿಂದ ನೆರವಿಗೆ ಬಂದವರ ಕೈಯಲ್ಲಿ ಗಾಯಾಳುವಿಗೆ ತೊಂದರೆಯಾದರೂ, ಸಾವೇ ಸಂಭವಿಸಿದರೂ, ಅವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಹೆಸರು, ವಿಳಾಸ, ಫೋನ್ ನಂಬರ್ ಹೇಳಲೇಬೇಕೆಂದು ಪೊಲೀಸರಾಗಲಿ ಆಸ್ಪತ್ರೆಯಾಗಲಿ ಒತ್ತಾಯಿಸುವಂತಿಲ್ಲ. ಸಾಕ್ಷಿ ಹೇಳುವುದು ಬಿಡುವುದು ಅವರ ಇಚ್ಛೆ. ಈ ಹಕ್ಕುಗಳನ್ನು ಬರೆದ ಫಲಕವನ್ನು ಆಸ್ಪತ್ರೆಗಳು ಸ್ಥಳೀಯ ಭಾಷೆಯಲ್ಲಿಯೂ ಬಾಗಿಲ ಬಳಿ ಹಾಕಬೇಕೆಂದು 2020ರ ನಿಯಮವಿದೆ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಆ ಫಲಕ ಇದೆಯೇ ಎಂದು ದಯವಿಟ್ಟು ನೋಡಿ, ಇಲ್ಲದಿದ್ದರೆ ಕೇಳಿ. ಅಡ್ವಾನ್ಸ್ ಕಟ್ಟಬೇಕಾದೀತೆಂಬ ಹೆದರಿಕೆಯೂ ಹಲವರಿಗೆ ಇದೆ. ಕರೆತಂದವರಿಂದ ಹಣ ಕೇಳುವಂತಿಲ್ಲ. 2025ರ ಮೇ ತಿಂಗಳಿನಿಂದ ಜಾರಿಗೆ ಬಂದ ನಗದುರಹಿತ ಚಿಕಿತ್ಸೆಯ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ತನಕ ಚಿಕಿತ್ಸೆ ಸಿಗುತ್ತದೆ.

ಬಹುಮಾನದ ವಿಷಯ: ಗಂಭೀರವಾಗಿ ಗಾಯಗೊಂಡವರನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸಿದವರಿಗೆ ಕೇಂದ್ರ ಸರ್ಕಾರ 2021ರಿಂದ 5,000 ರೂಪಾಯಿ ಕೊಡುತ್ತಿತ್ತು, 2025ರಲ್ಲಿ ಅದನ್ನು 25,000ಕ್ಕೆ ಏರಿಸಿ 'ರಾಹ್-ವೀರ್' ಎಂದು ಹೆಸರಿಟ್ಟಿದೆ. ಆದರೆ ಟೀಚರ್, ಅವರನ್ನು ಕೇಳದೆ ನೀವು ಹೆಸರು ಕೊಡಬೇಡಿ. ಹೇಳದಿರುವ ಹಕ್ಕು ಅವರದು.

ಇನ್ನು ಆ ಕೊಡೆ. ನಿಮ್ಮ ಬರಹ ಓದಿದಾಗ ನಾನು ಮನಸ್ಸಿನಲ್ಲೇ ಅವರಿಗೆ ಕೈ ಮುಗಿದೆ. ಮೂಳೆ ಮುರಿದಾಗ ಅದರ ಮೇಲಿನ ಕೀಲು, ಕೆಳಗಿನ ಕೀಲು ಎರಡೂ ಅಲುಗದಂತೆ ಕಟ್ಟಬೇಕು ಎಂದು ನಮಗೆ ತರಗತಿಯಲ್ಲಿ ಕಲಿಸುತ್ತಾರೆ. ಉದ್ದ ಕಾವಿನ ಕೊಡೆ, ಮೊಣಕಾಲಿನ ಮೇಲೊಂದು ಗಂಟು, ಪಾದದ ಹತ್ತಿರ ಒಂದು ಗಂಟು: ಅವರು ಮಾಡಿದ್ದು ಅದನ್ನೇ. ಹಾಗೆ ಕಟ್ಟದೆ ರಿಕ್ಷಾದಲ್ಲಿ ಕುಳ್ಳಿರಿಸಿದ್ದರೆ, ಪ್ರತಿ ಗುಂಡಿಯಲ್ಲೂ ಮೂಳೆಯ ತುದಿ ಒಳಗಿನ ಮಾಂಸವನ್ನೂ ರಕ್ತನಾಳವನ್ನೂ ಕೊರೆಯುವ ಅಪಾಯವಿತ್ತು. ಅವರು ನಿಮಗೆ ಸೋಡಾ, ನೀರು ಕುಡಿಸಲಿಲ್ಲ ಎನ್ನುವುದನ್ನೂ ಗಮನಿಸಿದೆ. ನಮ್ಮವರ ಕರುಣೆ ಮೊದಲು ನೀರಿನ ಬಾಟಲಿಗೇ ಕೈ ಹಾಕುತ್ತದೆ. ಪ್ರಜ್ಞೆ ಮಸುಕಾದವರಿಗೆ ಅದು ಶ್ವಾಸಕ್ಕೆ ಇಳಿಯಬಹುದು, ಶಸ್ತ್ರಚಿಕಿತ್ಸೆಗೂ ಹೊಟ್ಟೆ ಖಾಲಿ ಇರಬೇಕು. ರಕ್ತ ಸುರಿಯುತ್ತಿದ್ದರೆ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಮತ್ತೆ ಮತ್ತೆ ತೆಗೆದು ನೋಡಬೇಡಿ. ಕುತ್ತಿಗೆಗೋ ಬೆನ್ನಿಗೋ ಪೆಟ್ಟಾಗಿರುವ ಸಂಶಯವಿದ್ದರೆ, ಅಲ್ಲಿ ಬೆಂಕಿಯೋ ವಾಹನಗಳ ಅಪಾಯವೋ ಇಲ್ಲದಿದ್ದರೆ, 108 ಬರುವ ತನಕ ಅಲುಗಾಡಿಸದೆ ಇರುವುದೇ ಮೇಲು.

ನಂತೂರಿನಿಂದ ಒಬ್ಬರು ಬರೆಯುತ್ತಾರೆ:

ಇದನ್ನು ಬರೆಯಲು ಎರಡು ದಿನ ಬೇಕಾಯಿತು. ಕಳೆದ ವರ್ಷ ರಾತ್ರಿ ಸುರತ್ಕಲ್ ದಾಟಿ ಬರುವಾಗ ರಸ್ತೆಯ ಬದಿಯಲ್ಲಿ ಒಂದು ಸ್ಕೂಟರ್ ಬಿದ್ದಿತ್ತು, ಇಬ್ಬರು ಬಗ್ಗಿ ನಿಂತಿದ್ದರು. ಕಾರಿನಲ್ಲಿ ಮಗು ಮಲಗಿತ್ತು. ಅವರಿಬ್ಬರಿದ್ದಾರಲ್ಲ, ನೋಡಿಕೊಳ್ಳುತ್ತಾರೆ ಎಂದುಕೊಂಡು ನಾನು ನಿಲ್ಲಿಸಲಿಲ್ಲ. ಮೂರು ಕಿಲೋಮೀಟರ್ ಮುಂದೆ ಬಂದ ಮೇಲೆ ಮನಸ್ಸು ತಡೆಯದೆ 108ಕ್ಕೆ ಫೋನ್ ಮಾಡಿದೆ. ಅವರು ಜಾಗ ಕೇಳಿದಾಗ ನನಗೆ ಸರಿಯಾಗಿ ಹೇಳಲಾಗಲಿಲ್ಲ. ಹೆದ್ದಾರಿಯ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನೋ ಹತ್ತಿರದ ಅಂಗಡಿಯ ಬೋರ್ಡನ್ನೋ ನೋಡಿಟ್ಟುಕೊಳ್ಳಬೇಕಿತ್ತು. ಅಂದಿನಿಂದ ಆ ದಾರಿಯಲ್ಲಿ ಹೋಗುವಾಗಲೆಲ್ಲ ಆ ಕಲ್ಲುಗಳನ್ನು ಓದುತ್ತಾ ಹೋಗುತ್ತೇನೆ, ಹೆದ್ದಾರಿ ಸಹಾಯವಾಣಿ 1033ನ್ನೂ ಫೋನಿನಲ್ಲಿ ಇಟ್ಟುಕೊಂಡಿದ್ದೇನೆ. ಬುಟ್ಟಿಯನ್ನು ರಸ್ತೆಯ ಮೇಲಿಟ್ಟ ಆ ಅಕ್ಕನಿಗೆ ನನ್ನ ನಮಸ್ಕಾರವನ್ನೂ ತಿಳಿಸಿ ಟೀಚರ್.

ಕೆಂಜಾರಿನವರು ಬರೆಯುತ್ತಾರೆ:

ರಿಕ್ಷಾದ ಅಣ್ಣನವರು ಹೇಳಿದ್ದು ನೂರಕ್ಕೆ ನೂರು ನಿಜ ಎಂದು ನನ್ನ ಮಾವನವರನ್ನು ನೋಡಿ ಹೇಳಬಲ್ಲೆ. 2010ರ ಮೇ 22ರ ಶನಿವಾರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಬಜ್ಪೆಯ ರನ್‌ವೇಯನ್ನು ಮೀರಿ ನಮ್ಮೂರಿನ ಕಣಿವೆಗೆ ಬಿದ್ದು ಹೊತ್ತಿ ಉರಿಯಿತು. 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು, ಬದುಕಿ ಉಳಿದವರು ಎಂಟೇ ಮಂದಿ. ಮೊದಲು ಓಡಿ ಹೋದವರು ಸುತ್ತಲಿನ ಮನೆಗಳ ಜನರು. ಮಾವನವರೂ ಕತ್ತಿ ಹಿಡಿದು ಪೊದೆ ಕಡಿಯುತ್ತಾ ಇಳಿದಿದ್ದರು. ಸಂಜೆ ಮನೆಗೆ ಬಂದು ಬಾವಿಕಟ್ಟೆಯಲ್ಲಿ ಕೈ ತೊಳೆಯಲು ಕುಳಿತವರು ಕತ್ತಲಾಗುವ ತನಕ ಏಳಲಿಲ್ಲ ಎಂದು ಅತ್ತೆ ಹೇಳುತ್ತಾರೆ. ತಾವು ಎತ್ತಿದವರು ಯಾರು, ಯಾವ ಊರಿನವರು, ಅವರ ಮನೆಯವರಿಗೆ ದೇಹ ಸಿಕ್ಕಿತೇ ಎಂಬುದು ಅವರಿಗೆ ಗೊತ್ತಾಗಲೇ ಇಲ್ಲ. ಗುರುತು ಹತ್ತದ 12 ದೇಹಗಳನ್ನು ಕೂಳೂರಿನಲ್ಲಿ ಫಲ್ಗುಣಿ ನದಿಯ ಬದಿಯಲ್ಲಿ ಮಣ್ಣು ಮಾಡಿದರು; ಅಲ್ಲಿ ಈಗ ಸ್ಮಾರಕವಿದೆ. ಮಾವನವರು ಮೇ 22ರಂದು ಯಾರಿಗೂ ಹೇಳದೆ ಅಲ್ಲಿಗೆ ಹೋಗಿ ಬರುತ್ತಾರೆ. ತಮ್ಮ ಪಾಲಿಗೆ ಬಂದವರು ಆ ಹನ್ನೆರಡರಲ್ಲಿ ಇದ್ದಿರಬಹುದು ಎಂದು ಅವರ ಲೆಕ್ಕ.

ಒಬ್ಬರಾದರೂ ಅವರ ಮನೆಯ ಬಾಗಿಲಿಗೆ ಬಂದು ನನ್ನ ಹೆಸರು ಇಂಥದ್ದು, ನಾನು ಬದುಕಿದ್ದೇನೆ ಎಂದಿದ್ದರೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಟೀಚರ್, ನೀವು ಹೋದಾಗ ಮೊದಲು ಅವರ ಹೆಸರು ಕೇಳಬೇಡಿ. ನಿಮ್ಮ ಹೆಸರು ಹೇಳಿ.

ಕಾಪು ಟೀಚರ್ ಮತ್ತೆ ಬರೆಯುತ್ತಾರೆ:

ಉತ್ತರಿಸಿದ ಎಲ್ಲರಿಗೂ ನಾನು ಋಣಿ. ಕಳೆದ ಭಾನುವಾರ ಯಜಮಾನರೊಂದಿಗೆ ಕಟಪಾಡಿಗೆ ಹೋಗಿದ್ದೆ. ಪಡುಬಿದ್ರಿಯ ಅಣ್ಣ ಹೇಳಿದಂತೆಯೇ ಆಯಿತು. ರಿಕ್ಷಾ ಪಾರ್ಕಿನಲ್ಲಿ ದಿನಾಂಕ ಹೇಳುವುದಕ್ಕೆ ಮೊದಲೇ, ಕೋಲು ನೋಡಿ ಒಬ್ಬರು "ಕೊಡೆ ಕಟ್ಟಿದ ಕಾಲು ನಿಮ್ಮದೇ ಅಲ್ಲವೇ?" ಎಂದರು. ಕೊಡೆಯವರು ಗಾರೆ ಕೆಲಸಕ್ಕೆ ದೂರದ ಊರಿಗೆ ಹೋಗಿದ್ದರು, ಅವರ ಹೆಂಡತಿ ಸಿಕ್ಕಿದರು. ಕೊಡೆಯನ್ನು ಬಿಚ್ಚಿ, ಒಂದು ಕಡ್ಡಿಯೂ ಮುರಿದಿಲ್ಲವೆಂದು ನೋಡಿ ಸಂತೋಷಪಟ್ಟರು. ಮೇಸ್ತ್ರಿಯೊಬ್ಬರು ಎತ್ತರದಿಂದ ಬಿದ್ದಾಗ ಹೀಗೆ ಕಟ್ಟಿದ್ದನ್ನು ನೋಡಿ ಅವರ ಗಂಡ ಕಲಿತದ್ದಂತೆ. ಬೈರಾಸಿನ ಬದಲಿಗೆ ಹೊಸದೊಂದನ್ನು ತೆಗೆದುಕೊಂಡು ಹೋಗಿದ್ದೆ, ಅದನ್ನು ತೆಗೆದುಕೊಂಡರು. ಅವರು ಊರಿಗೆ ಬಂದಾಗ ಮತ್ತೆ ಹೋಗುತ್ತೇನೆ.

ಮೀನಿನ ಅಕ್ಕ ಅವರ ಮನೆಯ ಅಂಗಳದಲ್ಲೇ ಇದ್ದರು. ನಾನು ಹೆಸರು ಹೇಳಿದೆ. ಅವರು ನನ್ನ ಮುಖವನ್ನು ನೋಡಲೇ ಇಲ್ಲ, ಕಾಲನ್ನೇ ನೋಡುತ್ತಾ "ನಡಪೆರೆ ಆಪುಂಡಾ?" (ನಡೆಯಲು ಆಗುತ್ತದೆಯೇ?) ಎಂದು ಕೇಳಿದರು. ಕೋಲನ್ನು ಯಜಮಾನರ ಕೈಗೆ ಕೊಟ್ಟು ಅಂಗಳದ ಆ ತುದಿಯವರೆಗೆ ನಡೆದು ತೋರಿಸಿದೆ. ತಿರುಗಿ ಬರುವಾಗ ಅವರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಂತೂರಿನವರ ನಮಸ್ಕಾರವನ್ನು ತಿಳಿಸಿದ್ದೇನೆ. ಬಹುಮಾನದ ವಿಷಯವನ್ನು ಸಿಸ್ಟರ್ ಹೇಳಿದಂತೆ ಅವರ ಮುಂದಿಟ್ಟೆ; ಅವರು ಬೇಡವೆಂದರು, ನಾನು ಮತ್ತೆ ಕೇಳಲಿಲ್ಲ.

ಇನ್ನೊಂದು ಮಾತಿದೆ. 2014ರ ಮಳೆಗಾಲದಲ್ಲಿ ಹೆಜಮಾಡಿಯ ಹತ್ತಿರ ಬೈಕಿನಿಂದ ಬಿದ್ದು, ಐಟಿಐ ಸಮವಸ್ತ್ರದಲ್ಲಿಯೇ ರಿಕ್ಷಾದಲ್ಲಿ ಮಲಗಿಕೊಂಡು ದಾರಿಯುದ್ದಕ್ಕೂ ಗಂಟೆ ಎಷ್ಟಾಯಿತೆಂದು ಕೇಳುತ್ತಿದ್ದ ಹುಡುಗನನ್ನು ಬಲ್ಲವರು ಯಾರಾದರೂ ಇದನ್ನು ಓದುತ್ತಿದ್ದರೆ, ಅಥವಾ ಅವರೇ ಓದುತ್ತಿದ್ದರೆ, ದಯವಿಟ್ಟು ಇಲ್ಲಿ ಒಂದು ಸಾಲು ಬರೆಯಿರಿ. ಪಡುಬಿದ್ರಿಯಲ್ಲಿ ಒಬ್ಬರು ಕಾಯುತ್ತಿದ್ದಾರೆ.